ನಮ್ಮ ನಾಲ್ಕು ತಾಲ್ಲೂಕಿಗೆ ಎಂಥ ಸಾರಿಗೆ ಯೋಜನೆ ಬೇಕು?

ಜಿಲ್ಲೆಯ ಭೂಪಟ ಹರಡಿಕೊಂಡು ನೋಡಿ. ಪಶ್ಚಿಮಕ್ಕೆ ಗೌರಿಬಿದನೂರು, ನಡುವೆ ಚಿಕ್ಕಬಳ್ಳಾಪುರ, ಅದರಾಚೆ ಶಿಡ್ಲಘಟ್ಟ, ಪೂರ್ವಕ್ಕೆ ಚಿಂತಾಮಣಿ. ನಾಲ್ಕೂ ಊರು ಹೂವು ಪೋಣಿಸಿದ ಹಾಗೆ ಒಂದೇ ರಸ್ತೆಯ ಮೇಲಿವೆ. ಹಿಂದೆ ಈ ರಸ್ತೆಗೆ ರಾಷ್ಟ್ರೀಯ ಹೆದ್ದಾರಿ 234 ಅನ್ನುತ್ತಿದ್ದರು. 2010ರಲ್ಲಿ ದೇಶದ ಹೆದ್ದಾರಿಗಳ ನಂಬರು ಬದಲಾಯಿಸಿದರು, ಈಗ ಇದು 69. ಹೊನ್ನಾವರದ ಕಡಲ ಕಡೆಯಿಂದ ಹೊರಟು ಶಿವಮೊಗ್ಗ, ಶಿರಾ, ಮಧುಗಿರಿ ದಾಟಿ, ನಮ್ಮ ನಾಲ್ಕು ಊರು ಹಾದು, ಮುಳಬಾಗಿಲ ಮೇಲೆ ಚಿತ್ತೂರಿಗೆ ಹೋಗುತ್ತೆ. ಗೌರಿಬಿದನೂರಿಂದ ಚಿಂತಾಮಣಿಗೆ ಹೆಚ್ಚೂ ಕಡಿಮೆ ಎಂಬತ್ತು ಕಿಲೋಮೀಟರ್.

ಆದರೆ ಸಾರಿಗೆ ಅಂದ ಕೂಡಲೇ ನಮ್ಮಲ್ಲಿ ಮಾತು ನಡೆಯುವುದು ಈ ಅಡ್ಡ ರಸ್ತೆಯ ಬಗ್ಗೆ ಅಲ್ಲ, ಬೆಂಗಳೂರಿಗೆ ಹೋಗುವ ಉದ್ದ ರಸ್ತೆಯ ಬಗ್ಗೆ. ಹೈದರಾಬಾದ್ ಹೆದ್ದಾರಿ (ಹಳೇ 7, ಈಗಿನ 44) ಎಷ್ಟು ಲೇನ್ ಆಯ್ತು, ಏರ್‌ಪೋರ್ಟಿಗೆ ಎಷ್ಟು ನಿಮಿಷ, ಮೆಟ್ರೊ ಎಲ್ಲಿಯ ತನಕ ಬಂತು, ಇದೇ ಚರ್ಚೆ. ಬೆಂಗಳೂರು ಬೇಡ ಅಂತ ಯಾರೂ ಹೇಳೋದಿಲ್ಲ. ನಮ್ಮ ಹೂವು, ದ್ರಾಕ್ಷಿ, ಸೊಪ್ಪು ತಿನ್ನೋರು, ಕೊಳ್ಳೋರು ಅಲ್ಲೇ ಇದ್ದಾರೆ. ಆದರೆ ಎರಡು ಎಕರೆ ಹಿಡುವಳಿಯ ರೈತನ ನಿತ್ಯದ ಓಡಾಟ ಎಲ್ಲಿಗೆ? ಗೂಡು ಹಾಕಲು ಶಿಡ್ಲಘಟ್ಟಕ್ಕೆ, ಟಮೋಟ ಹಾಕಲು ಚಿಂತಾಮಣಿಗೆ, ಹೂವಿಗೆ ಚಿಕ್ಕಬಳ್ಳಾಪುರಕ್ಕೆ, ಕಾಗದ ಪತ್ರಕ್ಕೆ ಜಿಲ್ಲಾಧಿಕಾರಿ ಕಚೇರಿಗೆ. ಇದನ್ನು ಯೋಜನೆಯ ಬುಡದಲ್ಲಿ ಇಟ್ಟುಕೊಳ್ಳದೆ ಮೇಲಿಂದ ಗೆರೆ ಎಳೆದರೆ ನಮಗೆ ಸಿಗೋದು ಧೂಳು ಮಾತ್ರ.

ಪ್ರಾದೇಶಿಕ ಸಾರಿಗೆ ಯೋಜನೆ ಅಂದರೆ ದೊಡ್ಡ ಮಾತು ಅಂತ ಹೆದರಬೇಕಿಲ್ಲ. ಒಂದು ಸೀಮೆಯಲ್ಲಿ ಯಾರು, ಯಾವ ಸರಕು ಹೊತ್ತು, ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿಗೆ ಹೋಗಬೇಕು ಅಂತ ಮೊದಲು ಬರೆದುಕೊಂಡು, ಆಮೇಲೆ ಅದಕ್ಕೆ ತಕ್ಕ ರಸ್ತೆ, ಬಸ್ಸು, ರೈಲು, ನಿಲ್ದಾಣ ಜೋಡಿಸೋದು. ಇಷ್ಟೇ. ಇದರಲ್ಲಿ ಮೊದಲ ಭಾಗ ಎಂಜಿನಿಯರ್‌ಗಿಂತ ನಮಗೆ ಚೆನ್ನಾಗಿ ಗೊತ್ತು.

ಎರಡು ಹಳಿ, ನಡುವೆ ಬೆಟ್ಟ

ನಮ್ಮ ಸೀಮೆಗೆ ರೈಲು ಹೊಸದೇನಲ್ಲ. ಗೌರಿಬಿದನೂರು, ಹಿಂದೂಪುರದ ಮೇಲೆ ಹೋಗುವ ಗುಂತಕಲ್ ಹಳಿ 1890ರ ದಶಕದ್ದು. ಆಗ ಮೀಟರ್ ಗೇಜು, ಆಮೇಲೆ ಬ್ರಾಡ್‌ಗೇಜು. ಈ ಕಡೆ ಬೌರಿಂಗ್‌ಪೇಟೆ ಅಂತಿದ್ದ ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಎರಡೂವರೆ ಅಡಿ ಅಗಲದ ಪುಟ್ಟ ಹಳಿ ಬಂತು. 1915ರ ಹೊತ್ತಿಗೆ ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೂ ಅದೇ ಅಳತೆಯ ಹಳಿ ಆಯ್ತು. ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ ಎರಡನ್ನೂ ಕೂಡಿಸಿದವು. ನಂದಿ ಹಾಲ್ಟಿನ ಹಳೇ ಕಟ್ಟಡ ಆ ಕಾಲದ್ದೇ. ಆ ಪುಟ್ಟ ರೈಲಿನ ನಡಿಗೆ ಬಲು ನಿಧಾನ. ಆದರೂ ಆಗಿನ ಯೋಜನೆಯಲ್ಲಿ ಒಂದು ಜಾಣತನ ಇತ್ತು. ಬೆಂಗಳೂರಿಗೆ ಮಾತ್ರ ಅಲ್ಲ, ಸಂತೆಯಿಂದ ಸಂತೆಗೆ ಹಳಿ ಹಾಕಿದ್ದರು.

ಪುಟ್ಟ ಹಳಿ ಹೋಗಿ ದೊಡ್ಡ ಹಳಿ ಬರೋದಕ್ಕೆ ಬಹಳ ಕಾಲ ಹಿಡಿಯಿತು. ಯಲಹಂಕ–ಚಿಕ್ಕಬಳ್ಳಾಪುರ ತುಂಡು, ಬಂಗಾರಪೇಟೆ–ಕೋಲಾರ ತುಂಡು ಮುಂಚೆ ಆದವು. ನಡುವಿನ ಕೋಲಾರ–ಚಿಕ್ಕಬಳ್ಳಾಪುರ ತುಂಡು, ಅಂದರೆ ಶಿಡ್ಲಘಟ್ಟ ಮತ್ತು ಚಿಂತಾಮಣಿಯ ಪಾಲು, ಮುಗಿದದ್ದು 2013ರಲ್ಲಿ. ಎರಡು ತುದಿ ಸಿದ್ಧವಾಗಿ ನಡು ಇಲ್ಲದಿದ್ದರೆ ಹಳಿ ಏನು ಕೆಲಸಕ್ಕೆ? ಆ ನಡುವಿನ ವರ್ಷಗಳಲ್ಲಿ ಜನ ಬಸ್ಸಿಗೆ ಒಗ್ಗಿಕೊಂಡರು, ವ್ಯಾಪಾರಸ್ಥರು ಲಾರಿಗೆ ಒಗ್ಗಿಕೊಂಡರು. ಹಳಿ ಬಂದ ಮೇಲೂ ದಿನಕ್ಕೆ ಓಡೋದು ಬೆರಳೆಣಿಕೆಯ ರೈಲು. ಹೊತ್ತು ನಮ್ಮ ಮಾರುಕಟ್ಟೆಗೆ ಹೊಂದದೆ ಹೋದರೆ ಆ ಹಳಿ ಹಾದು ಹೋಗುವ ಹಳಿಯೇ ಹೊರತು ನಮ್ಮದಲ್ಲ.

ಇನ್ನೊಂದು ತಮಾಷೆ ನೋಡಿ. ಗೌರಿಬಿದನೂರ ಹಳಿಗೂ ಚಿಕ್ಕಬಳ್ಳಾಪುರದ ಹಳಿಗೂ ನಡುವೆ ಬೆಟ್ಟಸಾಲು. ಎರಡೂ ಸೇರೋದು ಯಲಹಂಕದಲ್ಲಿ. ಗೌರಿಬಿದನೂರಿನವರು ರೈಲಿನಲ್ಲೇ ಚಿಂತಾಮಣಿಗೆ ಹೋಗ್ತೀನಿ ಅಂತ ಹಟ ಹಿಡಿದರೆ ಬೆಂಗಳೂರ ಬಾಗಿಲು ಮುಟ್ಟಿ ವಾಪಸು ಬರಬೇಕು. ರಸ್ತೆಯ ಹೆಚ್ಚೂ ಕಡಿಮೆ ಎರಡರಷ್ಟು ದೂರ. ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ಹೊಸ ಹಳಿ ಅಂತ ರೈಲ್ವೆ ಬಜೆಟ್ಟಿನಲ್ಲಿ ಹೆಸರು ಬಂತು, ಪುಟ್ಟಪರ್ತಿಗೂ ಬಂತು. ಹೆಸರು ಬಂದಷ್ಟು ಬೇಗ ಹಳಿ ಬರೋದಿಲ್ಲ. ನನ್ನ ಅನಿಸಿಕೆ ಕೇಳಿದರೆ, ಆ ಹಳಿಗಾಗಿ ಕಾಯುತ್ತ ಕೂರೋದಕ್ಕಿಂತ ಮಂಚೇನಹಳ್ಳಿ ಮೇಲೆ ಅರ್ಧ ಗಂಟೆಗೊಂದು ಬಸ್ಸು ಕೇಳೋದು ಬುದ್ಧಿವಂತಿಕೆ. ಬಸ್ಸಿಗೆ ಭೂಸ್ವಾಧೀನ ಬೇಕಿಲ್ಲ.

ಬೆಳೆಗೆ ಅದರದೇ ಗಡಿಯಾರ

ಯೋಜನೆ ಮಾಡೋರು ದೂರವನ್ನು ಕಿಲೋಮೀಟರಿನಲ್ಲಿ ಅಳೆಯುತ್ತಾರೆ. ನಮಗೆ ಅದು ಗಂಟೆಯ ಲೆಕ್ಕ. ಅದರಲ್ಲೂ ಬೆಳೆಯಿಂದ ಬೆಳೆಗೆ ಲೆಕ್ಕ ಬೇರೆ.

ರೇಷ್ಮೆ ಗೂಡನ್ನೇ ತೆಗೆದುಕೊಳ್ಳಿ. ಹಣ್ಣಾದ ಹುಳ ಚಂದ್ರಂಕಿಗೆ ಬಿಟ್ಟ ಮೇಲೆ ಎರಡು ಮೂರು ದಿನದಲ್ಲಿ ಗೂಡು ಕಟ್ಟಿ ಮುಗಿಸುತ್ತೆ. ಆದರೆ ಆಗಲೇ ಬಿಡಿಸಬಾರದು. ಒಳಗಿನ ಕೋಶದ ಚರ್ಮ ಇನ್ನೂ ಎಳೆಯದು, ಅಲುಗಾಡಿದರೆ ಒಡೆದು ಗೂಡಿಗೆ ಕಲೆ ಬೀಳುತ್ತೆ. ಮಿಶ್ರತಳಿಯಾದರೆ ಐದು ಆರನೇ ದಿನ, ದ್ವಿತಳಿಯಾದರೆ ಆರು ಏಳನೇ ದಿನ ಬಿಡಿಸಬೇಕು. ಹತ್ತು ಹನ್ನೆರಡು ದಿನಕ್ಕೆ ಪತಂಗ ಗೂಡು ಕೊರೆದು ಹೊರಗೆ ಬರುತ್ತೆ, ಆಮೇಲೆ ನೂಲು ಬಿಚ್ಚೋ ಹಾಗಿಲ್ಲ. ಇದರ ಒಳಗೆ ಗೂಡು ಮಾರುಕಟ್ಟೆ ತಲುಪಿ, ಹರಾಜಾಗಿ, ರೀಲರ್ ಮನೆಗೆ ಹೋಗಿ, ಬಿಸಿ ಕೊಟ್ಟು ಕೋಶ ಸಾಯಿಸುವ ಕೆಲಸವೂ ಮುಗಿಯಬೇಕು. ಬಿಡಿಸಿದ ಗೂಡು ದಿನ ದಿನಕ್ಕೂ ತೂಕ ಇಳಿಯುತ್ತೆ. ಇಳಿದ ತೂಕದ ನಷ್ಟ ರೈತನದು, ರೀಲರದಲ್ಲ.

ಹಸಿ ಗೂಡು ಅಂದರೆ ಜೀವಂತ ಸರಕು. ಒಳಗಿನ ಕೋಶ ಉಸಿರಾಡುತ್ತೆ, ಬೆವರುತ್ತೆ. ಗೋಣಿಗೆ ಒತ್ತಿ ತುಂಬಿ ಮಧ್ಯಾಹ್ನದ ಬಿಸಿಲಲ್ಲಿ ಬಸ್ಸಿನ ಟಾಪಿಗೆ ಹಾಕಿದರೆ ಗೂಡು ಬೆಂದ ಹಾಗಾಗಿ ಮೆತ್ತಗಾಗುತ್ತೆ. ಆಮೇಲೆ ರೀಲರ್ ಕೈಯಲ್ಲಿ ಅಮುಕಿ ನೋಡಿ ರೇಟು ಇಳಿಸಿದರೆ ಅವರನ್ನು ಬೈದು ಪ್ರಯೋಜನವಿಲ್ಲ. ಗಾಳಿಯಾಡುವ ಬಲೆ ಚೀಲದಲ್ಲಿ ಸಡಿಲವಾಗಿ ತುಂಬಿ, ರಾತ್ರಿ ಇಲ್ಲವೇ ಬೆಳಗಿನ ಜಾವದ ತಂಪಲ್ಲಿ ಸಾಗಿಸಬೇಕು ಅಂತ ರೇಷ್ಮೆ ಇಲಾಖೆಯವರು ಹೇಳುತ್ತಲೇ ಇರುತ್ತಾರೆ. ಸರಿ, ಸಾಗಿಸ್ತೀವಿ. ಬೆಳಗಿನ ಜಾವ ಗಾಡಿ ಎಲ್ಲಿದೆ? ಊರಿಗೆ ಮೊದಲ ಬಸ್ಸು ಎಂಟೂವರೆಗೆ ಬಂದರೆ ತಂಪು ಹೊತ್ತು ಮುಗಿದೇ ಹೋಯಿತು.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ರಾಮನಗರದ ಜೊತೆ ರಾಜ್ಯದ ದೊಡ್ಡ ಮಾರುಕಟ್ಟೆಗಳಲ್ಲೊಂದು. ರೇಷ್ಮೆ ಗೂಡಿನ ವ್ಯಾಪಾರಕ್ಕೆ 1959ರ ಕಾಯ್ದೆ ಇದೆ, ಗೂಡನ್ನು ಸರ್ಕಾರಿ ಮಾರುಕಟ್ಟೆಯಲ್ಲೇ ಮಾರಬೇಕು ಅಂತ. ಇದು ರೈತನಿಗೆ ರಕ್ಷಣೆ, ಸುಳ್ಳಲ್ಲ. ಆದರೆ ಮಾರುವ ಜಾಗವನ್ನು ಕಾನೂನು ಗೊತ್ತು ಮಾಡಿದ ಮೇಲೆ ಅಲ್ಲಿಗೆ ಹೊತ್ತಿಗೆ ತಲುಪುವ ವ್ಯವಸ್ಥೆಯೂ ಸರ್ಕಾರದ ಹೊಣೆಯಲ್ಲವೇ? ಸಾರಿಗೆ ಯೋಜನೆಯಲ್ಲಿ ಈ ಪ್ರಶ್ನೆ ಬರಬೇಕು. ಸಣ್ಣ ಮರಿ ಹುಳಕ್ಕೂ ಇದೇ ಮಾತು. ಚಾಕಿ ಕೇಂದ್ರದಿಂದ ಎರಡನೇ ಜ್ವರದಲ್ಲಿ ಕೂತ ಹುಳವನ್ನು ತಂಪು ಹೊತ್ತಲ್ಲಿ, ಅಲುಗಾಟವಿಲ್ಲದೆ ಮನೆಗೆ ತರಬೇಕು. ಹಾಗಾಗಿ ನಮಗೆ ಆರು ಲೇನಿಗಿಂತ ಗುಂಡಿ ಇಲ್ಲದ ಒಂದು ಲೇನ್ ಮುಖ್ಯ.

ಹೂವಿನ ಗಡಿಯಾರ ಇನ್ನೂ ಬಿಗಿ. ಸೇವಂತಿಗೆ, ಚೆಂಡುಹೂವು, ಗುಲಾಬಿ ಬೆಳಗಾಗುವ ಮುಂಚೆ ಮಾರುಕಟ್ಟೆಯಲ್ಲಿರಬೇಕು. ಒಂದು ಗಂಟೆ ತಡವಾದರೆ ಅದೇ ಹೂವು, ಅದೇ ಬಣ್ಣ, ರೇಟು ಮಾತ್ರ ಬೇರೆ. ಟಮೋಟಕ್ಕೆ ಒಂದು ರಾತ್ರಿಯ ಸಾವಕಾಶ ಇದೆ. ದ್ರಾಕ್ಷಿಗೆ ಕುಲುಕಾಟ ಆಗಬಾರದು, ಅದರಲ್ಲೂ ನಮ್ಮ ಬೆಂಗಳೂರು ಬ್ಲೂ ತಳಿಯ ಸಿಪ್ಪೆ ಸಡಿಲ. ಜೋಳ, ರಾಗಿ, ನೆಲಗಡಲೆಗೆ ಅವಸರ ಇಲ್ಲ, ಬಾಡಿಗೆ ಕಡಿಮೆ ಆದರೆ ಸಾಕು. ಇಷ್ಟು ವ್ಯತ್ಯಾಸ ಇರುವಾಗ "ಗ್ರಾಮೀಣ ಸಾರಿಗೆ" ಅಂತ ಒಂದೇ ಪದದಲ್ಲಿ ಎಲ್ಲವನ್ನೂ ಕಟ್ಟಿಹಾಕೋದು ಸರಿಯಲ್ಲ.

ಹಾಲಿನ ರೂಟು ಕಲಿಸಿದ ಪಾಠ

ನಮ್ಮ ಕಣ್ಣೆದುರೇ ಒಂದು ಒಳ್ಳೆ ಸಾರಿಗೆ ಯೋಜನೆ ದಿನಾ ಓಡಾಡುತ್ತಿದೆ. ಅದೇ ಹಾಲಿನ ರೂಟು. ಯಾರೂ ಅದನ್ನು ಸಾರಿಗೆ ಯೋಜನೆ ಅಂತ ಕರೆಯೋದಿಲ್ಲ ಅಷ್ಟೆ.

ಹಾಲು ಕರೆದ ಮೇಲೆ ತಣ್ಣಗೆ ಮಾಡದಿದ್ದರೆ ಕೆಲವೇ ಗಂಟೆಯಲ್ಲಿ ಕೆಡುತ್ತೆ. ಆದ್ದರಿಂದ ಒಕ್ಕೂಟದವರು ಮೊದಲು ಹೊತ್ತು ಗೊತ್ತು ಮಾಡಿದರು, ಆಮೇಲೆ ದಾರಿ ಹುಡುಕಿದರು. ವ್ಯಾನು ದೂರದ ಊರಿಂದ ಶುರು ಮಾಡಿ ಡೇರಿ ಕಡೆಗೆ ತುಂಬಿಕೊಂಡು ಬರುತ್ತೆ. ಹತ್ತು ಲೀಟರ್ ಹಾಕುವವರಿಗೂ ಎರಡು ಲೀಟರ್ ಹಾಕುವವರಿಗೂ ಸಾಗಣೆಯಲ್ಲಿ ಭೇದ ಇಲ್ಲ, ಸಂಘದ ಬಾಗಿಲ ತನಕ ತಂದರೆ ಮುಂದಿನ ಜವಾಬ್ದಾರಿ ಅವರದು. ಕ್ಯಾನಿನ ಕಾಲ ಹೋಗಿ ಊರೂರಲ್ಲಿ ಬಲ್ಕ್ ಕೂಲರ್ ಬಂದ ಮೇಲೆ ಟ್ಯಾಂಕರ್ ಬರುವ ಸಲ ಕಡಿಮೆ ಆಯ್ತು, ಖರ್ಚೂ ಕಡಿಮೆ ಆಯ್ತು. ಅಂದರೆ ಸಾಗಣೆಯ ಸಮಸ್ಯೆಗೆ ಉತ್ತರ ಯಾವಾಗಲೂ ಇನ್ನೊಂದು ಗಾಡಿ ಅಲ್ಲ, ಕೆಲವು ಸಲ ಊರಲ್ಲೇ ಒಂದು ತಂಪು ಡಬ್ಬಿ.

ಇದರಿಂದ ನಾವು ಎತ್ತಿಕೊಳ್ಳಬೇಕಾದ್ದು ಬಹಳ ಇದೆ. ದೂರದ ಹಳ್ಳಿಯಿಂದ ರೂಟು ಶುರುವಾಗಬೇಕು. ಬಸ್ಸು ಡಿಪೋದಿಂದ ಹೊರಟು ಕೊನೇ ಹಳ್ಳಿ ತಲುಪುವ ಹೊತ್ತಿಗೆ ಮಾರುಕಟ್ಟೆ ಮುಗಿದಿರುತ್ತೆ. ಅದೇ ಬಸ್ಸು ರಾತ್ರಿ ಆ ಕೊನೇ ಹಳ್ಳಿಯಲ್ಲೇ ತಂಗಿ, ಬೆಳಗಿನ ಜಾವ ಅಲ್ಲಿಂದ ಹೊರಟರೆ ದಾರಿಯ ಎಲ್ಲಾ ಊರಿಗೂ ಉಪಯೋಗ. ನೈಟ್ ಹಾಲ್ಟ್ ಬಸ್ಸು ಅಂತ ನಮ್ಮ ಹಿರಿಯರು ಇದಕ್ಕಾಗಿಯೇ ಹೋರಾಡಿ ತಂದಿದ್ದರು. ಎಷ್ಟೋ ಕಡೆ ಡ್ರೈವರು, ಕಂಡಕ್ಟರಿಗೆ ಮಲಗಲು ಜಾಗ, ಶೌಚಾಲಯ ಇಲ್ಲ ಅಂತ ನಿಂತು ಹೋಗುತ್ತೆ. ಪಂಚಾಯ್ತಿ ಒಂದು ರೂಮು, ಒಂದು ನಲ್ಲಿ ಕೊಟ್ಟರೆ ಆಗುವ ಕೆಲಸ ಇದು. ಇದಕ್ಕೆ ಕೋಟಿಗಟ್ಟಲೆ ಅಂದಾಜು ಪಟ್ಟಿ ಬೇಡ.

ಮೂರು ಚೀಲ ಇರುವವನ ಕಷ್ಟ

ಲೋಡುಗಟ್ಟಲೆ ಬೆಳೆಯುವವನಿಗೆ ಗಾಡಿ ಮನೆ ಬಾಗಿಲಿಗೇ ಬರುತ್ತೆ. ಕಷ್ಟ ಇರೋದು ಬಸ್ಸಿಗೆ ಹೆಚ್ಚು, ಟೆಂಪೊಗೆ ಕಡಿಮೆ ಆಗುವಷ್ಟು ಸರಕು ಇರುವವನಿಗೆ. ಲೆಕ್ಕ ಹಾಕೋಣ. ಪಿಕಪ್ ಗಾಡಿಯ ಬಾಡಿಗೆ 2,000 ರೂಪಾಯಿ ಅಂತ ಇಟ್ಟುಕೊಳ್ಳಿ. ಒಬ್ಬನದೇ 40 ಬಾಕ್ಸ್ ಟಮೋಟ ಇದ್ದರೆ ಬಾಕ್ಸಿಗೆ 50 ರೂಪಾಯಿ ಬಿತ್ತು. ಮೂರು ಜನ ಸೇರಿ 120 ಬಾಕ್ಸ್ ತುಂಬಿದರೆ ಬಾಕ್ಸಿಗೆ 17 ರೂಪಾಯಿ ಒಳಗೇ ಆಯ್ತು. 2023ರ ಜುಲೈಯಲ್ಲಿ ಕೋಲಾರದ ಮಂಡಿಯಲ್ಲಿ 15 ಕಿಲೋ ಬಾಕ್ಸು 2,000 ರೂಪಾಯಿ ದಾಟಿದಾಗ ಈ ವ್ಯತ್ಯಾಸ ಯಾರ ಲೆಕ್ಕಕ್ಕೂ ಬರಲಿಲ್ಲ. ಆದರೆ ಬಾಕ್ಸಿಗೆ ನೂರು ರೂಪಾಯಿ ಸಿಗುವ ದಿನ? ಬಿಡಿಸುವ ಕೂಲಿ, ಕಮಿಷನ್ನು ಕಳೆದು ನೋಡಿ. ಆ 33 ರೂಪಾಯಿಯಲ್ಲೇ ತೋಟದಲ್ಲಿ ಬಿಡಿಸಬೇಕೋ ಹಾಗೇ ಬಿಡಬೇಕೋ ಅನ್ನೋದು ತೀರ್ಮಾನವಾಗುತ್ತೆ. ರಸ್ತೆ ಬದಿಯಲ್ಲಿ ಟಮೋಟ ಸುರಿದ ಫೋಟೊ ಪೇಪರಿನಲ್ಲಿ ಬಂದಾಗ ರೇಟು ಬಿತ್ತು ಅಂತ ಬರೆಯುತ್ತಾರೆ, ಬಾಡಿಗೆಯ ಮಾತು ಬರೆಯೋರು ಕಡಿಮೆ.

ಮೂವರು ಸೇರಬೇಕಾದರೆ ಸೇರಲು ಒಂದು ಜಾಗ ಬೇಕು. ಐದಾರು ಹಳ್ಳಿಗೆ ಒಂದು ಕಡೆ, ಕೂಡು ರಸ್ತೆಯಲ್ಲಿ, ನೆರಳಿರುವ ಒಂದು ಶೆಡ್ಡು, ಗಾಡಿ ಎತ್ತರಕ್ಕೆ ಒಂದು ಕಟ್ಟೆ, ಒಂದು ತೂಕದ ಯಂತ್ರ, ಒಂದು ದೀಪ. ಇಂಥದ್ದು ಇದ್ದರೆ ಗಾಡಿಯವನಿಗೂ ಊರೂರು ಸುತ್ತುವ ಡೀಸೆಲ್ ಉಳಿಯುತ್ತೆ. ಹೆದ್ದಾರಿಯ ಒಂದು ಕಿಲೋಮೀಟರ್ ಅಗಲೀಕರಣದ ದುಡ್ಡಲ್ಲಿ ತಾಲ್ಲೂಕಿಗೆಲ್ಲ ಇಂಥ ಶೆಡ್ಡು ಕಟ್ಟಬಹುದು ಅಂತ ನನ್ನ ನಂಬಿಕೆ.

ಪಕ್ಕದ ರಾಜ್ಯಗಳು ಈ ದಾರಿಯಲ್ಲಿ ಒಂದು ಹೆಜ್ಜೆ ಮುಂದೆ ಇಟ್ಟಿದ್ದವು. ಆಂಧ್ರದಲ್ಲಿ ರೈತು ಬಜಾರು, ತಮಿಳುನಾಡಿನಲ್ಲಿ ಉಳವರ್ ಸಂದೈ, ಎರಡೂ ಶುರುವಾದದ್ದು 1999ರಲ್ಲಿ. ಮಾರುಕಟ್ಟೆ ಕಟ್ಟಿ ಸುಮ್ಮನೆ ಕೂರಲಿಲ್ಲ, ಹಳ್ಳಿಯಿಂದ ರೈತರು ತರಕಾರಿ ಸಮೇತ ಬರಲು ಸರ್ಕಾರಿ ಬಸ್ಸನ್ನು ಆ ಹೊತ್ತಿಗೆ ಓಡಿಸಿದರು. ಮಾರುಕಟ್ಟೆ ಮತ್ತು ಬಸ್ಸು ಒಂದೇ ಫೈಲಿನಲ್ಲಿ ಇದ್ದದ್ದೇ ಅದರ ಗುಟ್ಟು. ನಮ್ಮಲ್ಲಿ ಎಪಿಎಂಸಿಗೆ ಒಂದು ಇಲಾಖೆ, ಗೂಡಿನ ಮಾರುಕಟ್ಟೆಗೆ ಇನ್ನೊಂದು, ಬಸ್ಸಿಗೆ ಮತ್ತೊಂದು, ರಸ್ತೆಗೆ ಮೂರು ನಾಲ್ಕು. ಮಾರುಕಟ್ಟೆಯನ್ನು ಊರಾಚೆಗೆ ಸ್ಥಳಾಂತರ ಮಾಡುವ ಮಾತು ಬಂದಾಗ ಅಲ್ಲಿಗೆ ಬಸ್ಸು ಬರುತ್ತದೆಯೇ ಅಂತ ಕೇಳುವ ಕುರ್ಚಿಯೇ ಇರೋದಿಲ್ಲ.

ರೈಲಿಗೂ ಈ ಮಾತು ಅನ್ವಯಿಸುತ್ತೆ. 2020ರ ಆಗಸ್ಟಿನಲ್ಲಿ ಕಿಸಾನ್ ರೈಲು ಅಂತ ದೇಶದಲ್ಲಿ ಶುರುವಾಯ್ತು, ಹಣ್ಣು ತರಕಾರಿಗೆ ಬಾಡಿಗೆಯಲ್ಲಿ ಅರ್ಧ ರಿಯಾಯಿತಿ ಕೊಟ್ಟರು. ಮರುವರ್ಷ ಕೋಲಾರ ಜಿಲ್ಲೆಯಿಂದ ದಿಲ್ಲಿಗೆ ಮಾವು ತುಂಬಿಕೊಂಡು ರೈಲು ಹೋಯಿತು. ದೂರದೂರಿಗೆ ಲೋಡುಗಟ್ಟಲೆ ಕಳಿಸಲು ರೈಲು ಅಗ್ಗ, ಅನುಮಾನವಿಲ್ಲ. ಆದರೆ ರೈಲು ತುಂಬಲು ಒಬ್ಬರೇ ದೊಡ್ಡ ವ್ಯಾಪಾರಿ ಬೇಕು, ಇಲ್ಲವೇ ನೂರು ಜನ ಸಣ್ಣ ರೈತರ ಒಂದು ಕಂಪನಿ ಬೇಕು. ಎರಡನೆಯದನ್ನು ಕಟ್ಟದೆ ರೈಲು ಕೇಳಿದರೆ ಲಾಭ ಮೊದಲನೆಯವರಿಗೇ.

ಅಡ್ಡ ರಸ್ತೆಗೆ ಅಡ್ಡಿ ಏನು?

2007ರಲ್ಲಿ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆ ಆಯ್ತು. ಜಿಲ್ಲಾ ಕೇಂದ್ರ ಹತ್ತಿರ ಬಂತು ಅಂತ ಗೌರಿಬಿದನೂರಿನವರಿಗೆ ನಿಜವಾಗಿಯೂ ಅನುಕೂಲವೇ ಆಯ್ತು, ಅದಕ್ಕೂ ಮುಂಚೆ ಅವರು ಕೋಲಾರಕ್ಕೆ ಅಲೆಯಬೇಕಿತ್ತು. ಆದರೆ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಇರೋದು ಚಿಂತಾಮಣಿಯ ಕುರುಬೂರಿನಲ್ಲಿ. ರೇಷ್ಮೆ ಕೃಷಿ ಕಾಲೇಜೂ ಅಲ್ಲೇ. ಗೌರಿಬಿದನೂರಿನ ಮೂಲೆಯ ಹಳ್ಳಿಯವರು ಒಂದು ದಿನದ ತರಬೇತಿಗೆ ಅಲ್ಲಿಗೆ ಹೋಗಿ ಸಂಜೆ ಹಾಲು ಕರೆಯುವ ಹೊತ್ತಿಗೆ ವಾಪಸಾಗಬೇಕಾದರೆ ಎಷ್ಟು ಬಸ್ಸು ಬದಲಾಯಿಸಬೇಕು ಲೆಕ್ಕ ಹಾಕಿ. ಬೆಂಗಳೂರಿಗೆ ಹೋಗೋದೇ ಸುಲಭ.

2020ರಲ್ಲಿ ಕೇಂದ್ರ ಒಪ್ಪಿದ ಬೆಂಗಳೂರು ಉಪನಗರ ರೈಲು ಯೋಜನೆಯಲ್ಲಿ ನಾಲ್ಕು ದಾರಿ ಇವೆ. ನಮ್ಮ ದಿಕ್ಕಿಗೆ ಬರುವ ದಾರಿ ದೇವನಹಳ್ಳಿಗೆ ನಿಲ್ಲುತ್ತೆ. 1985ರಲ್ಲಿ ಬೆಂಗಳೂರು ಮಹಾನಗರ ಪ್ರದೇಶ ಅಭಿವೃದ್ಧಿಗೆ ಕಾಯ್ದೆ ಮಾಡಿದಾಗಲೂ ಆಗಿನ ಕೋಲಾರ ಜಿಲ್ಲೆ ಗೆರೆಯ ಆಚೆಗೇ ಉಳಿದಿತ್ತು. ಇದನ್ನು ಅನ್ಯಾಯ ಅಂತ ಹೇಳೋರಿದ್ದಾರೆ. ನಾನು ಹಾಗೆ ನೋಡೋದಿಲ್ಲ. ಬೆಂಗಳೂರಿನ ಯೋಜನೆಗೆ ಬಾಲವಾಗಿ ಸೇರಿದರೆ ನಮ್ಮ ನೆಲದ ರೇಟು ಏರಬಹುದು, ನೆಲ ಮಾತ್ರ ನಮ್ಮದಾಗಿ ಉಳಿಯೋದಿಲ್ಲ. ನಮಗೆ ಬೇಕಾದ್ದು ನಾಲ್ಕು ಊರಿನ ನಡುವೆ ಬೆಳಗ್ಗೆ ನಾಲ್ಕರಿಂದ ರಾತ್ರಿ ಒಂಬತ್ತರ ತನಕ ತಪ್ಪದೆ ಸಿಗುವ ಬಸ್ಸು, ಮತ್ತು ಆ ನಾಲ್ಕು ಊರಿಗೆ ಹೋಬಳಿಗಳಿಂದ ಕೂಡುವ ಸಣ್ಣ ಬಸ್ಸು.

ಇಲ್ಲಿ ಹೆಣ್ಣುಮಕ್ಕಳ ವಿಷಯ ಹೇಳಲೇಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಆದರೆ ನಮ್ಮ ಕಡೆ, ಅದರಲ್ಲೂ ಚಿಂತಾಮಣಿ ಸುತ್ತ, ಖಾಸಗಿ ಬಸ್ಸು ಮಾತ್ರ ಓಡುವ ರೂಟುಗಳಿವೆ. ಆ ಊರಿನ ಹೆಂಗಸರಿಗೆ ಈ ಯೋಜನೆ ಪೇಪರಿನಲ್ಲಿ ಓದುವ ಸುದ್ದಿ. ಖಾಸಗಿ ಬಸ್ಸಿನವರು ನಮಗೆ ಶತ್ರುಗಳಲ್ಲ, ಸರ್ಕಾರಿ ಬಸ್ಸು ಮುಖ ತೋರಿಸದ ಕಾಲದಿಂದ ಮೂಟೆ ಸಮೇತ ನಮ್ಮನ್ನು ಹೊತ್ತವರು. ಇಬ್ಬರೂ ಒಂದೇ ಹೊತ್ತಿಗೆ ಒಬ್ಬರ ಹಿಂದೆ ಒಬ್ಬರು ಓಡಿ, ಆಮೇಲೆ ಎರಡು ಗಂಟೆ ಯಾರೂ ಇಲ್ಲದಂತೆ ಆಗಬಾರದು, ಅಷ್ಟೆ.

ರಸ್ತೆ ಬಂದಾಗ ನೀರು ಎಲ್ಲಿಗೆ ಹೋಗುತ್ತೆ?

ನಮ್ಮದು ಕೆರೆಗಳ ಸೀಮೆ. ನದಿ ನಾಲೆ ನಂಬಿದವರಲ್ಲ. ಒಂದು ಕೆರೆ ತುಂಬಿ ಕೋಡಿ ಹರಿದು ಇನ್ನೊಂದು ಕೆರೆಗೆ ಹೋಗುವ ಸರಪಳಿ ನಮ್ಮ ಹಿರಿಯರು ಬಿಟ್ಟುಹೋದದ್ದು. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರನ್ನು ನಮ್ಮ ಕೆರೆಗಳಿಗೆ ಹರಿಸುವಾಗಲೂ ಒಂದರಿಂದ ಇನ್ನೊಂದಕ್ಕೆ ಹೋಗೋದು ಇದೇ ಕಾಲುವೆಗಳಲ್ಲಿ. ಹೊಸ ರಸ್ತೆ ಮಣ್ಣು ಏರಿಸಿ ಮಾಡುತ್ತಾರೆ. ರಾಜಕಾಲುವೆ ಅಡ್ಡ ಬಂದ ಕಡೆ ಒಂದು ಪೈಪು ಹೂಳುತ್ತಾರೆ. ಪೈಪಿನ ತಳ ಕಾಲುವೆ ತಳಕ್ಕಿಂತ ಒಂದಡಿ ಮೇಲಾದರೂ ಸಾಕು, ಕೆಳಗಿನ ಕೆರೆ ಒಣಗುತ್ತೆ, ಮೇಲಿನ ಹೊಲ ನಿಂತ ನೀರಿಗೆ ಕೊಳೆಯುತ್ತೆ. ಹೀಗಾದ ಮೇಲೆ ಅರ್ಜಿ ಹಿಡಿದು ತಿರುಗುವುದಕ್ಕಿಂತ ಸರ್ವೆ ಮಾಡುವ ದಿನವೇ ಊರಿನ ನೀರುಗಂಟಿಯನ್ನು ಕರೆದುಕೊಂಡು ಹೋಗಿ ಹಳೇ ಕಾಲುವೆಗಳನ್ನು ತೋರಿಸಿ, ನಕಾಶೆ ಮೇಲೆ ಗುರುತು ಹಾಕಿಸಬೇಕು. ಮಳೆಗಾಲದಲ್ಲಿ ಒಂದು ಫೋಟೊ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ದಾಟುವ ಜಾಗವೂ ಹಾಗೆಯೇ. ನಾಲ್ಕು ಲೇನಿನ ರಸ್ತೆ ಹೊಲದ ನಡುವೆ ಬಿದ್ದರೆ ಆಚೆ ಕಡೆಯ ಅರ್ಧ ಎಕರೆಗೆ ಎತ್ತು, ಹಸು, ಟ್ರ್ಯಾಕ್ಟರು ಹೋಗೋದು ಹೇಗೆ? ಭೂಸ್ವಾಧೀನದ ಪರಿಹಾರದಲ್ಲಿ ಈ ಸುತ್ತಾಟದ ಖರ್ಚನ್ನು ಲೆಕ್ಕಕ್ಕೆ ಹಿಡಿದದ್ದು ನಾನು ಕಂಡಿಲ್ಲ. ಗ್ರಾಮ ನಕಾಶೆಯಲ್ಲಿ ಜೋಡಿ ಚುಕ್ಕೆ ಗೆರೆ ಇದ್ದರೆ ಬಂಡಿದಾರಿ, ಒಂಟಿ ಚುಕ್ಕೆ ಗೆರೆ ಇದ್ದರೆ ಕಾಲುದಾರಿ. ಇವನ್ನು ಹೊಸ ರಸ್ತೆ ಕತ್ತರಿಸಿದ ಕಡೆ ಕೆಳಸೇತುವೆ ಕೇಳಲು ಈ ನಕಾಶೆಯೇ ಆಧಾರ. ಎಲ್ಲಾ ಮುಗಿದು ಡಾಂಬರು ಬಿದ್ದ ಮೇಲೆ ಕೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳೋದಿಲ್ಲ.

ಇನ್ನು ಕೂಲಿಯವರ ಓಡಾಟ. 2023ರ ಅಕ್ಟೋಬರ್ 26ರ ಬೆಳಗ್ಗೆ ಚಿಕ್ಕಬಳ್ಳಾಪುರದ ಬಳಿ 44ನೇ ಹೆದ್ದಾರಿಯಲ್ಲಿ ಮಂಜು ಕವಿದಿದ್ದಾಗ, ನಿಂತಿದ್ದ ಟ್ಯಾಂಕರಿಗೆ ಟಾಟಾ ಸುಮೊ ಗುದ್ದಿ 13 ಜನ ಸತ್ತರು. ಅವರಲ್ಲಿ ಬಹಳ ಮಂದಿ ಆಂಧ್ರದ ಕಡೆಯಿಂದ ಬೆಂಗಳೂರಿಗೆ ಕೂಲಿಗೆ ಹೊರಟವರು. ನಮ್ಮ ತೋಟಗಳಿಗೂ ಕಳೆ ಕೀಳಲು, ಹೂ ಬಿಡಿಸಲು, ದ್ರಾಕ್ಷಿ ಕಟಾವಿಗೆ ಆಟೊ, ಜೀಪಿನಲ್ಲಿ ಜೋತು ಬಿದ್ದೇ ಜನ ಬರೋದು. ಬೆಳಗಿನ ಏಳರ ಒಳಗೆ ಬಸ್ಸು ಇಲ್ಲದ ಕಡೆ ಇದು ತಪ್ಪೋದಿಲ್ಲ. ಹೆದ್ದಾರಿ ಬದಿಯಲ್ಲಿ ಲಾರಿ ನಿಲ್ಲಿಸಲು ಬೇರೆ ಜಾಗ, ಮಂಜಿನ ತಿಂಗಳಲ್ಲಿ ದೀಪ, ಹಳ್ಳಿ ಕೂಡುವ ಕಡೆ ಸರ್ವಿಸ್ ರಸ್ತೆ, ಇವು ಲೇನಿನ ಸಂಖ್ಯೆಗಿಂತ ಮುಂಚೆ ಬರಬೇಕಾದವು.

ಹೇಳುವುದು ಯಾರಿಗೆ?

ನಮ್ಮ ಮಾತು ಮುಟ್ಟಿಸಲು ಕಾನೂನಿನಲ್ಲಿ ಜಾಗ ಇದೆ. ಸಂವಿಧಾನದ 74ನೇ ತಿದ್ದುಪಡಿಯಲ್ಲಿ ಸೇರಿದ 243 ಝಡ್‌ಡಿ ಅನ್ನುವ ವಿಧಿಯ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ಜಿಲ್ಲಾ ಯೋಜನಾ ಸಮಿತಿ ಇರಬೇಕು. ಪಂಚಾಯ್ತಿಗಳ ಯೋಜನೆ, ಪುರಸಭೆ–ನಗರಸಭೆಗಳ ಯೋಜನೆ ಎರಡನ್ನೂ ಕೂಡಿಸಿ ಇಡೀ ಜಿಲ್ಲೆಗೆ ಒಂದು ಕರಡು ಮಾಡೋದು ಅದರ ಕೆಲಸ. ಹಳ್ಳಿಗೂ ಪಟ್ಟಣಕ್ಕೂ ಸೇರಿದ ವಿಷಯ, ನೀರಿನ ಹಂಚಿಕೆ, ಮೂಲ ಸೌಕರ್ಯ, ಎಲ್ಲ ಅದರ ವ್ಯಾಪ್ತಿಗೆ ಬರುತ್ತೆ. ಮಾರುಕಟ್ಟೆ ಪಟ್ಟಣದಲ್ಲಿ, ಬೆಳೆ ಹಳ್ಳಿಯಲ್ಲಿ ಇರುವ ನಮ್ಮಂಥವರಿಗೆ ಹೇಳಿ ಮಾಡಿಸಿದ ಸಮಿತಿ. ಐದರಲ್ಲಿ ನಾಲ್ಕು ಪಾಲು ಸದಸ್ಯರು ಚುನಾಯಿತರೇ ಇರಬೇಕು ಅಂತಲೂ ಇದೆ. 2021ರಲ್ಲಿ ಅವಧಿ ಮುಗಿದ ಮೇಲೆ ಜಿಲ್ಲಾ ಪಂಚಾಯ್ತಿ ಚುನಾವಣೆ ವರ್ಷಗಟ್ಟಲೆ ನಡೆಯದೆ ಹೋದದ್ದರಿಂದ ಈ ಸಮಿತಿಗೂ ಬಲ ಕುಂದಿತು. ಚುನಾವಣೆ ವಿಷಯ ಬಂದಾಗ ರೈತ ಸಂಘಟನೆಗಳು ಇದನ್ನೂ ಸೇರಿಸಿ ಮಾತಾಡಬೇಕು.

ಬಸ್ಸಿನ ಹೊತ್ತು, ಪರ್ಮಿಟ್ಟಿನ ವಿಷಯಕ್ಕೆ ಬಾಗಿಲು ಬೇರೆ. ಮೋಟಾರು ವಾಹನ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ ಇರುತ್ತೆ. ಖಾಸಗಿ ಬಸ್ಸಿಗೆ ಪರ್ಮಿಟ್ಟು, ವೇಳೆ ಎಲ್ಲ ಅಲ್ಲಿ ತೀರ್ಮಾನ. ಸರ್ಕಾರಿ ಬಸ್ಸಿಗೆ ಸಾರಿಗೆ ನಿಗಮದ ಚಿಕ್ಕಬಳ್ಳಾಪುರ ವಿಭಾಗದ ಕಚೇರಿ. ಎರಡೂ ಕಡೆಗೆ ಒಂದೇ ಅರ್ಜಿಯ ಪ್ರತಿ ಕೊಡಿ, ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

"ನಮ್ಮೂರಿಗೆ ಬಸ್ಸು ಬೇಕು" ಅಂತ ಒಂದು ಸಾಲಿನ ಅರ್ಜಿ ಕೊಟ್ಟರೆ ಅದು ಕಡತದಲ್ಲಿ ಮಲಗುತ್ತೆ. ಅದರ ಬದಲು ಊರಿನ ಲೆಕ್ಕ ಕೊಡಿ. ಹೇಗೆ ಅಂದರೆ, ಒಂದು ವಾರ ಊರಿಂದ ಹೊರಗೆ ಹೋದ ಸರಕನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಹಾಲಿನ ಸಂಘದ ಕಾರ್ಯದರ್ಶಿ ಈ ಕೆಲಸಕ್ಕೆ ಸರಿಯಾದ ಜನ, ಬೆಳಗ್ಗೆ ಸಂಜೆ ಎಲ್ಲರೂ ಅವರ ಮುಂದೆ ಹಾದೇ ಹೋಗಬೇಕು. ಯಾವ ಬೆಳೆ, ಎಷ್ಟು ಚೀಲ ಅಥವಾ ಬಾಕ್ಸು, ಯಾವ ಮಾರುಕಟ್ಟೆ, ಎಷ್ಟು ಹೊತ್ತಿಗೆ ಅಲ್ಲಿ ಇರಬೇಕಿತ್ತು, ಎಷ್ಟು ಹೊತ್ತಿಗೆ ತಲುಪಿತು, ಯಾವ ಗಾಡಿ, ಬಾಡಿಗೆ ಎಷ್ಟು. ಜೊತೆಗೆ ಕಾಲೇಜಿಗೆ ಹೋಗುವ ಮಕ್ಕಳು, ಕೂಲಿಗೆ ಹೋಗುವವರು, ಆಸ್ಪತ್ರೆಗೆ ಹೋದವರು ಎಷ್ಟು ಮಂದಿ ಅಂತ. ಬೇಸಿಗೆಯಲ್ಲಿ ಒಂದು ವಾರ, ಮಳೆಗಾಲದಲ್ಲಿ ಒಂದು ವಾರ ಬರೆದರೆ ಚಿತ್ರ ಪೂರ್ತಿ ಆಗುತ್ತೆ. ಗೂಡಿನ ಬೆಳೆ ಏಳುವ ವಾರ, ಟಮೋಟ ಕಟಾವಿನ ವಾರ ಬಿಟ್ಟುಹೋಗದ ಹಾಗೆ ನೋಡಿಕೊಳ್ಳಿ.

ಅದೇ ರೂಟಿನ ನಾಲ್ಕೈದು ಊರಿನವರು ಹೀಗೆ ಬರೆದದ್ದನ್ನು ಕೂಡಿಸಿದರೆ ಬಸ್ಸು ಎಷ್ಟು ಗಂಟೆಗೆ ಹೊರಟರೆ ತುಂಬುತ್ತೆ, ಶೆಡ್ಡು ಎಲ್ಲಿ ಕಟ್ಟಬೇಕು, ಯಾವ ಮೋರಿ ಮೊದಲು ರಿಪೇರಿ ಆಗಬೇಕು ಅನ್ನೋದು ತಾನಾಗಿ ಗೊತ್ತಾಗುತ್ತೆ. ಗ್ರಾಮಸಭೆಯಲ್ಲಿ ಇದನ್ನು ಓದಿಸಿ ನಡಾವಳಿ ಪುಸ್ತಕದಲ್ಲಿ ಬರೆಸಬೇಕು. ನಡಾವಳಿಯ ನಕಲನ್ನು ಅರ್ಜಿಗೆ ಲಗತ್ತಿಸಿ, ನಾಲ್ಕು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಸೀಲು ಮತ್ತು ತಾರೀಖು ಹಾಕಿಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಿ.